ಗೇಣುದ್ದದ ವೈರು

ಕಾರಿನಲ್ಲಿ ಏನಾದರೊಂದು ಕೆಟ್ಟಿರಲೇಬೇಕು ಎಂದು ಗುರುಮೂರ್ತಿ ಹಂಬಲಿಸುತ್ತಿದ್ದ. ಬುದ್ಧಿ ನೆಟ್ಟಗಿರುವ ಯಾರೂ ತಮ್ಮ ಕಾರಿನ ಬಗ್ಗೆ ಹೀಗೆ ಹಂಬಲಿಸುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು. ಭಾನುವಾರದ ಬೆಳಿಗ್ಗೆ, ಕಡೂರಿನ ತನ್ನ ಮನೆಯ ಮುಂದಿನ ತಗಡಿನ ನೆರಳಿನಲ್ಲಿ ಬಾನೆಟ್ಟು ಎತ್ತಿ, ಕಂಬಿ ಕೊಟ್ಟು ನಿಲ್ಲಿಸಿ, ಆ ಹಳೆಯ ಬಿಳಿ ಕಾರಿನ ಒಳಗನ್ನು ನೋಡುತ್ತ ನಿಂತಿದ್ದ. ಇಲಿ ಕಡಿದ ಒಂದು ವೈರು ಸಿಕ್ಕರೆ ಸಾಕು. ಅಂಟಿಕೊಂಡ ಒಂದು ರಿಲೇ, ಸವೆದ ಒಂದು ಹೊದಿಕೆ, ಏನಾದರೂ ಸರಿ. ಹಾರನ್ ತಾನಾಗಿಯೇ ಕೂಗಿತು ಎಂದು ತೋರಿಸುವ ಒಂದು ಗುರುತು ಸಿಕ್ಕಿಬಿಟ್ಟರೆ ನಾಳೆ ಅದನ್ನು ಹಿಡಿದುಕೊಂಡು ಅಜ್ಜಂಪುರಕ್ಕೆ ಹೋಗಬಹುದು, ಹತ್ತು ಜನರ ನಡುವೆ ತಲೆ ಎತ್ತಿ ಕೂರಬಹುದು. ಸಿಗದಿದ್ದರೆ, ಅಣ್ಣನನ್ನು ಮಣ್ಣು ಮಾಡುವ ಹೊತ್ತಿನಲ್ಲಿ ಹಾರನ್ ಒತ್ತಿದವನು ತಾನೇ ಎಂದಾಗುತ್ತದೆ. ತಾನು ಒತ್ತಿದೆನೋ ಇಲ್ಲವೋ ಎಂಬುದು ಅವನಿಗೇ ನೆನಪಿರಲಿಲ್ಲ. ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿದವನಿಗೆ ತನ್ನ ಕೈ ಮಾಡಿದ್ದು ತನಗೆ ಗೊತ್ತಿಲ್ಲ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತಿತ್ತು.

ಒಂಬತ್ತು ದಿನದ ಹಿಂದೆ, ಅಜ್ಜಂಪುರದಾಚೆ ಹುಲ್ಲಿನ ಕಾವಲಿನ ಅಂಚಿನಲ್ಲಿರುವ ಅಣ್ಣನ ಹೊಲಕ್ಕೆ ಅವನು ಹೋಗಿ ಮುಟ್ಟಿದಾಗಲೇ ಜನ ಗುಣಿಯ ಸುತ್ತ ನಿಂತುಬಿಟ್ಟಿದ್ದರು. ಹೆಂಡತಿ ಮಲ್ಲಿಕಾಂಬ ಸುದ್ದಿ ಬಂದ ರಾತ್ರಿಯೇ ಸಿಕ್ಕ ಬಸ್ಸು ಹತ್ತಿ ಹೋಗಿದ್ದಳು. ಅವನು ಮಾತ್ರ ಕಾಲೇಜಿಗೆ ರಜೆ ಚೀಟಿ ಕೊಡಬೇಕು, ಪ್ರಯೋಗಾಲಯದ ಬೀಗದ ಕೈ ಒಪ್ಪಿಸಬೇಕು ಎಂದು ಇಲ್ಲದ ನೆಪಗಳನ್ನು ಒಂದೊಂದೇ ಹುಡುಕಿಕೊಂಡು ತಡ ಮಾಡಿದ್ದ. ಹೊಲದ ಬದುವಿನ ಹತ್ತಿರ ಸುಡುವ ಬಿಸಿಲಿನಲ್ಲೇ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಕೂತ. ನೂರು ಹೆಜ್ಜೆ ನಡೆದರೆ ಅಣ್ಣನ ಮುಖ ಕಾಣುತ್ತಿತ್ತು. ಕಾಲು ಏಳಲಿಲ್ಲ. ಅಲ್ಲಿ ಅಯ್ಯನವರ ಕಾವಿ ಪೇಟ ಬಗ್ಗಿ ಏಳುತ್ತಿತ್ತು, ಯಾರೋ ಬಿಲ್ವಪತ್ರೆಯ ಬುಟ್ಟಿ ಕೈ ಬದಲಿಸುತ್ತಿದ್ದರು. ಮುಗಿಯಲಿ, ಬೇಗ ಮುಗಿಯಲಿ ಎಂದು ಅವನ ತಲೆಯೊಳಗೆ ಒಂದು ದನಿ ಹೇಳಿತು. ಅದಂತೂ ನಿಜ, ಅದು ನೆನಪಿದೆ. ಆಮೇಲೆ ಹಾರನ್ ಕೂಗಿತು. ಒಂದೇ ಉದ್ದನೆಯ ಕೂಗು, ನಾಲ್ಕೈದು ಸೆಕೆಂಡು. ಗುಣಿಯ ಸುತ್ತಲಿದ್ದ ಅಷ್ಟೂ ಜನ ಒಮ್ಮೆಗೇ ತಿರುಗಿ ನೋಡಿದರು. ಕೈಯಲ್ಲಿದ್ದ ಮಣ್ಣು ಕೈಯಲ್ಲೇ ಇತ್ತು, ಯಾರೂ ಅಲುಗಾಡಲಿಲ್ಲ, ಏರಿಸಿದ ಗಾಜಿನಾಚೆಯ ಒಂದು ಮಾತೂ ಅವನಿಗೆ ಕೇಳಿಸಲಿಲ್ಲ. ಆ ನೋಟಗಳ ಎದುರು ಅವನಿಗೆ ಏನು ಮಾಡಬೇಕೋ ತೋಚದೆ ಕಾರು ಹಿಂದಕ್ಕೆ ತೆಗೆದು, ತಿರುಗಿಸಿಕೊಂಡು ಬಂದುಬಿಟ್ಟ.

ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಬೇಕು. ಸ್ಪ್ಯಾನರು ಹಿಡಿದು ಬಗ್ಗಿದಾಗ ಕೊರಳಿನ ಬೆಳ್ಳಿ ಕರಡಿಗೆ ಜೋಲಾಡಿ ಬ್ಯಾಟರಿಯ ಮೇಲೆ ಬರತೊಡಗಿತು. ಥಟ್ಟನೆ ಅದನ್ನು ಹೆಗಲ ಮೇಲಿಂದ ಬೆನ್ನಿಗೆ ಎಸೆದುಕೊಂಡ. ಲಿಂಗ ಎದೆಯ ಮೇಲಿರಬೇಕು, ಆದರೆ ಬ್ಯಾಟರಿ ಕೆಲಸದಲ್ಲಿ ಬೆನ್ನ ಮೇಲಿರಬೇಕು ಎಂದು ಅಣ್ಣ ದೇವೀರಪ್ಪ ಹೇಳಿಕೊಟ್ಟಿದ್ದ. ಬೆಳ್ಳಿ ಎರಡು ಕಡೆ ತಾಗಿದರೆ ಕಿಡಿ ಹಾರುತ್ತದೆ, ಶಿವನೇನೂ ಅಡ್ಡ ಬರುವುದಿಲ್ಲ ಕಣೋ ಎಂದು ನಕ್ಕಿದ್ದ. ಅಜ್ಜಂಪುರದ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಅವನದು ತಗಡಿನ ಅಂಗಡಿ. ನಲವತ್ತು ವರ್ಷ ಲಾರಿ, ಟ್ರ್ಯಾಕ್ಟರು, ಜೀಪುಗಳ ವೈರಿಂಗು ಮಾಡುತ್ತ ಅದರಲ್ಲೇ ಕೂತಿದ್ದ, ಹತ್ತು ದಿನದ ಹಿಂದೆ ಅದರಲ್ಲೇ ಎದೆ ಹಿಡಿದುಕೊಂಡು ಒರಗಿದ. ಗಿರಾಕಿಗಳ ಮುಂದೆ ತಮ್ಮನನ್ನು ತೋರಿಸಿ, "ಇವ್ನು ಕರೆಂಟು ಓದಿರೋನು, ನಾನು ಕರೆಂಟು ಹೊಡಿಸ್ಕಂಡಿರೋನು" ಎನ್ನುತ್ತಿದ್ದ. ಅದರಲ್ಲಿ ಹೆಮ್ಮೆ ಎಷ್ಟು, ಚುಚ್ಚು ಎಷ್ಟು ಎಂದು ಗುರುಮೂರ್ತಿಗೆ ಎಂದೂ ಲೆಕ್ಕ ಸಿಕ್ಕಿರಲಿಲ್ಲ. ಒಂದು ಗಾಡಿಯ ಕೆಲಸ ಮುಗಿಯಿತೆಂದರೆ ದೇವೀರಪ್ಪ ಹಾರನ್ನನ್ನು ಉದ್ದಕ್ಕೆ ಒಂದು ಸಲ ಒತ್ತುತ್ತಿದ್ದ. ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಕೂತ ಡ್ರೈವರಿಗೆ ಅದೇ ಕರೆ, ಬಾ, ನಿನಗಾಗಿ ಕಾದಿದ್ದೇವೆ ಎಂದು. ಬಾಯಿಬಿಟ್ಟು ಕೂಗಿ ಕರೆಯುವುದು ಅವನ ಜಾಯಮಾನವಲ್ಲ.

ಸ್ಪ್ಯಾನರು ಜಾರಿ ಬೆರಳ ಗಿಣ್ಣು ತರಚಿತು. ಹಾಲು ತಂದ ಹುಲಿಗೆಮ್ಮ ಗೇಟಿನ ಹತ್ತಿರ ಕ್ಯಾನು ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಕಾರಿನ ಕಡೆ ನೋಡಿದಳು.

"ಏನ್ ಮೇಷ್ಟ್ರೇ, ಗಾಡಿ ಕರುಳೆಲ್ಲ ಈಚಿಗೆ ಬಂದೈತೆ?"

"ಏನಿಲ್ಲ, ಸುಮ್ನೆ ನೋಡ್ತಿದೀನಿ."

"ಅಮ್ಮಾರು ಇನ್ನೂ ಬಂದಿಲ್ವಾ? ಒಬ್ರೇ ಅಂದ್ರೆ ಅರ್ಧ ಲೀಟ್ರು ಸಾಕಲ್ಲ."

ಅರ್ಧ ಲೀಟರು ಸಾಕು ಎಂದ. ಅವಳು ಅಳೆದು ಹಾಕಿ ಹೋದಳು. ಒಬ್ಬರೇ ಎಂಬ ಮಾತು ಹಾಲಿನ ಪಾತ್ರೆಯ ಜೊತೆ ಅಡುಗೆಮನೆಯವರೆಗೂ ಬಂತು. ಹತ್ತು ದಿನದಿಂದ ಆ ಮನೆಯಲ್ಲಿ ಒಂದು ತಟ್ಟೆ, ಒಂದು ಲೋಟ ತೊಳೆಯಲಾಗುತ್ತಿದೆ. ಫೋನು ಬಡಿದುಕೊಂಡಾಗ ಅವನು ಹಾಲು ಉಕ್ಕುವುದನ್ನೇ ನೋಡುತ್ತ ನಿಂತಿದ್ದ. ಮಲ್ಲಿಕಾಂಬ.

"ನಾಳೆ ಎಂಟು ಗಂಟೆಗೆಲ್ಲ ಅಯ್ಯನೋರು ಬತ್ತಾರೆ. ಭಾವನೋರ ಗಣಾರಾಧನೆಗೆ ನೀವಿಲ್ದಿದ್ರೆ ಚೆನ್ನಾಗಿರಲ್ಲ. ಅಷ್ಟೊತ್ತಿಗೆ ಬನ್ನಿ."

"ಬತ್ತೀನಿ. ಅಲ್ಲಿ ಏನಂತಾರೆ?"

"ಯಾರು?"

"ಎಲ್ರೂ. ಅತ್ತಿಗೆ."

"ಅಕ್ಕ ಏನೂ ಅನ್ನಲ್ಲ." ಹಿಂದೆ ಯಾರೋ ಪಾತ್ರೆ ಎಳೆಯುವ ಸದ್ದು. "ಯಾಕೆ ಇಳೀಲಿಲ್ಲ ನೀವು? ಅಷ್ಟು ಹೇಳಿ ನಂಗೆ."

"ಹಾರನ್ ನಾನು ಹೊಡೀಲಿಲ್ಲ ಕಣೇ. ಅದೇ ಹೊಡ್ಕಂತು. ಒಳಗೆಲ್ಲೋ ವೈರು ತಾಗಿದೆ. ಇವತ್ತು ಸಾಯಂಕಾಲದೊಳಗೆ ಹುಡುಕಿ ತೋರಿಸ್ತೀನಿ ನಿಮಗೆಲ್ಲ."

"ಇಳೀಲಿಲ್ಲ ಯಾಕೆ ಅಂದ್ರೆ ಹಾರನ್ ಅಂತೀರ" ಎಂದು ಅವಳು ಫೋನು ಇಟ್ಟಳು.

ಇವಳೂ ನಂಬುತ್ತಿಲ್ಲ ಎಂದುಕೊಂಡ. ಅತ್ತಿಗೆ ಹಾಲಮ್ಮ ಏನೂ ಅನ್ನುವುದಿಲ್ಲವಂತೆ. ಏನೂ ಅನ್ನದಿರುವುದು ಅನ್ನುವುದಕ್ಕಿಂತ ಹೆಚ್ಚು ಎಂಬುದು ಅವನಿಗೆ ಗೊತ್ತು, ಕ್ಲಾಸಿನಲ್ಲಿ ಅವನೂ ಅದನ್ನೇ ಮಾಡುತ್ತಾನೆ. ದೂರದ ನೆಂಟ ಲಕ್ಷ್ಮಣಪ್ಪನಾದರೆ ಅಂದೇ ಸಂಜೆ ಫೋನು ಮಾಡಿ ನಗುತ್ತ ಅಂದುಬಿಟ್ಟಿದ್ದ, "ಏನಪ್ಪಾ ಮೇಷ್ಟ್ರೇ, ಅಂಥಾ ಟೈಮಲ್ಲಿ ಹಾರನ್ ಹೊಡ್ಯೋದಾ?" ಆ ಒಂದು ಮಾತನ್ನೇ ಹಿಡಿದುಕೊಂಡು ಗುರುಮೂರ್ತಿ ಇಡೀ ಅಜ್ಜಂಪುರ ಏನೇನು ಆಡಿಕೊಳ್ಳುತ್ತಿರಬಹುದೆಂದು ಕಟ್ಟಿಕೊಂಡಿದ್ದ. ಆರು ವರ್ಷ ಅಣ್ಣನ ಜೊತೆ ಮಾತು ಬಿಟ್ಟಿದ್ದ, ಕೊನೆಗೆ ಹೆಣದ ಮುಂದೂ ಅವಸರ ಮಾಡಿದ, ಓದಿದವನ ಬುದ್ಧಿ ನೋಡು ಎಂದು. ಮೊನ್ನೆ ಕಾರನ್ನು ತರೀಕೆರೆಯ ಒಬ್ಬ ಮೆಕ್ಯಾನಿಕ್ಕಿನ ಹತ್ತಿರ ಒಯ್ದಿದ್ದ. ಗುರುತಿನವರಾದರೆ ಕಾರಣ ಕೇಳುತ್ತಾರೆ ಎಂದು ಬೇಕೆಂದೇ ಪರವೂರು ಹುಡುಕಿದ್ದ. ಆ ಮೆಕ್ಯಾನಿಕ್ಕು ಹತ್ತು ಸಲ ಹಾರನ್ ಒತ್ತಿ ನೋಡಿ, "ಬಂಗಾರದಂಗಿದೆಯಲ್ಲ ಸಾರ್! ಎಲ್ರೂ ಹಾರನ್ ಕೂಗಲ್ಲ ಅಂತ ಬರ್ತಾರೆ, ನೀವು ಕೂಗ್ತು ಅಂತ ಬಂದಿದೀರ" ಎಂದು ಪಕ್ಕದವನಿಗೂ ಹೇಳಿ ನಗಿಸಿದ್ದ. ಗುರುಮೂರ್ತಿಯೂ ಜೊತೆಗೆ ನಕ್ಕಿದ್ದ. ಹಾಗೆ ನಕ್ಕಿದ್ದಕ್ಕೆ ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಂಡಿದ್ದ.

ಜಗಳಕ್ಕೂ ಇದೇ ಹಾರನ್ನೇ ಕಾರಣವಾಗಿತ್ತಲ್ಲ ಎಂದು ನೆನಪಾಗಿ ಅವನ ಕೈ ನಿಂತಿತು. ಸೆಕೆಂಡ್‌ಹ್ಯಾಂಡ್ ಕಾರು ಕೊಂಡ ಹೊಸತು. ಕಂಪನಿ ಹಾರನ್ನು ಕೀರಲು ಎನಿಸಿ ಕಡೂರಿನಲ್ಲೇ ಮನೆಗೆ ಹತ್ತಿರವಿದ್ದ ಅಂಗಡಿಯಲ್ಲಿ ಜೋಡಿ ಹಾರನ್ ಹಾಕಿಸಿಕೊಂಡು, ಅಣ್ಣನಿಗೆ ಕಾರು ತೋರಿಸಲೆಂದು ಅಜ್ಜಂಪುರಕ್ಕೆ ಹೋಗಿದ್ದ. ದೇವೀರಪ್ಪ ಬಾನೆಟ್ಟು ಎತ್ತಿದ. ಹೊಸ ಹಾರನ್ನನ್ನು ನೋಡಿದ, ಟೇಪು ಸುತ್ತಿದ ಜಾಯಿಂಟನ್ನು ಬೆರಳಿನಿಂದ ಮುಟ್ಟಿದ. ಅಣ್ಣನ ಅಂಗಡಿಯಲ್ಲಿ ಟೇಪು ಸುತ್ತುವಂತಿಲ್ಲ, ಬೆಸುಗೆ ಹಾಕಬೇಕು. ಏನೂ ಅನ್ನದೆ ಬಾನೆಟ್ಟು ಮುಚ್ಚಿ, ಕೊಳೆಯೇ ಆಗಿರದ ಕೈಯನ್ನು ಬಟ್ಟೆಯಲ್ಲಿ ಒರೆಸಿಕೊಂಡು, ಇಪ್ಪತ್ತು ವರ್ಷದಿಂದ ಜೊತೆಗೆ ಕೆಲಸ ಮಾಡುತ್ತಿದ್ದ ವೇಣುವಿಗೆ ಹೇಳಿದ, "ನಮ್ ಮೇಷ್ಟ್ರ ಗಾಡಿಗೆ ದೊಡ್ಡ ಡಾಕ್ಟ್ರು ಸಿಕ್ಕಿದಾರೆ ಬಿಡೋ. ನಾವು ನಾಟಿ ವೈದ್ಯರು." ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ಎಲ್ಲರೂ ನಕ್ಕರು. ಗುರುಮೂರ್ತಿಯೂ ನಕ್ಕು ಸುಮ್ಮನಾಗಬಹುದಿತ್ತು. ಅವನು, "ಒಂದು ಹಾರನ್ನಿಗೆ ಇಲ್ಲೀಗಂಟ ಬರಬೇಕಿತ್ತಾ? ಅದೇನು ಮಹಾ ವಿದ್ಯೆ?" ಎಂದುಬಿಟ್ಟ. ದೇವೀರಪ್ಪನ ಮುಖದಲ್ಲಿ ನಗು ಹಾಗೇ ಇತ್ತು, ತೆಗೆಯಲು ಮರೆತವನಂತೆ. ಅಂದಿನಿಂದ ಮದುವೆ ಮುಂಜಿಯಲ್ಲಿ ಎದುರಾದರೂ ಇಬ್ಬರೂ ಬೇರೆಯವರ ಮೂಲಕವೇ ಮಾತಾಡಿದರು. ಆರು ವರ್ಷದಲ್ಲಿ ಎಷ್ಟು ಸಲ ಅಜ್ಜಂಪುರದ ದಾರಿ ಹಿಡಿದು ಬೀರೂರಿನಿಂದ ವಾಪಸು ಬಂದಿದ್ದಾನೆ ಎಂಬುದನ್ನು ಗುರುಮೂರ್ತಿ ಮಲ್ಲಿಕಾಂಬನಿಗೂ ಹೇಳಿಲ್ಲ.

ಈಗ ಆ ಮಹಾ ವಿದ್ಯೆಯ ಮುಂದೆ ಬೆವರುತ್ತ ಕೂತಿದ್ದ. ಗೊತ್ತಿರುವುದು ಇಷ್ಟೇ. ಸ್ಟೇರಿಂಗಿನ ಮೇಲಿನ ಗುಂಡಿ ಒತ್ತಿದಾಗ ಒಂದು ಸಣ್ಣ ವೈರು ಕಾರಿನ ಮೈಗೆ ತಾಗುತ್ತದೆ, ರಿಲೇ ಟಿಕ್ ಎನ್ನುತ್ತದೆ, ಹಾರನ್ ಕೂಗುತ್ತದೆ. ಗುಂಡಿ ಒತ್ತದೆಯೇ ಆ ವೈರು ಎಲ್ಲಾದರೂ ಸವೆದು ಲೋಹಕ್ಕೆ ತಾಗಿದರೂ ಅಷ್ಟೇ, ಕೂಗುತ್ತದೆ. ಬೋರ್ಡಿನ ಮೇಲೆ ಎರಡು ಗೆರೆಯಲ್ಲಿ ಬರೆದು ಮುಗಿಸಬಹುದಾದ ಈ ಸಂಗತಿ, ಕಾರಿನೊಳಗೆ ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿ, ಕತ್ತು ಮುರಿದುಕೊಂಡು ನೋಡಿದರೆ ಒಂದರ ಮೇಲೊಂದು ಸುತ್ತಿಕೊಂಡ ಕರಿ, ಕೆಂಪು, ಹಸಿರು ವೈರುಗಳ ಗಂಟಾಗಿತ್ತು. ಸ್ಟೇರಿಂಗಿನ ಹೊದಿಕೆ ಬಿಚ್ಚಿದ. ರಿಲೇ ಕಿತ್ತು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಫ್ಯೂಸನ್ನು ಬೆಳಕಿಗೆ ಹಿಡಿದು ನೋಡಿದ. ಕಡೂರಿನವನು ಸುತ್ತಿದ್ದ ಟೇಪು ಸುಲಿದು ನೋಡಿದ, ಬೈಯಲೆಂದೇ ನೋಡಿದ, ಒಳಗಿನ ಜಾಯಿಂಟು ಗಟ್ಟಿಯಾಗಿತ್ತು. ಕೊನೆಗೆ ಕಾಲೇಜಿನಿಂದ ತಂದಿದ್ದ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಹಾರನ್ನಿನ ಆ ಸಣ್ಣ ವೈರಿಗೆ, ಇನ್ನೊಂದನ್ನು ಬಾಗಿಲ ಬೋಲ್ಟಿಗೆ ಸಿಕ್ಕಿಸಿ, ತಾಗಿದರೆ ಕುಂಯ್‌ಗುಡುವಂತೆ ತಿರುಗಿಸಿಟ್ಟ. ಸೀಟಿನಲ್ಲಿ ಕೂತು ಸ್ಟೇರಿಂಗನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿದ. ಕುಂಯ್ ಎನ್ನಲಿಲ್ಲ. ಅಂದು ಬಿಸಿಲಿತ್ತು, ಬಿಸಿಗೆ ಹಿಗ್ಗಿ ತಾಗಿರಬಹುದು ಎಂದು ಮಲ್ಲಿಕಾಂಬನ ಹೇರ್ ಡ್ರೈಯರ್ ತಂದು ಸ್ಟೇರಿಂಗಿನ ಬುಡಕ್ಕೆಲ್ಲ ಬಿಸಿಗಾಳಿ ಹಿಡಿದ. ಕುಲುಕಿದ, ಗುದ್ದಿದ, ಬಾಗಿಲು ರಪ್ಪೆಂದು ಹಾಕಿ ತೆಗೆದ. ಮೀಟರು ಹಲ್ಲು ಕಚ್ಚಿಕೊಂಡು ಕೂತಿತ್ತು. ಕಾರು ಪೂರ್ತಿ ಸರಿಯಾಗಿತ್ತು, ಮತ್ತು ಅದಕ್ಕಾಗಿ ಅವನಿಗೆ ಅದರ ಮೇಲೆ ಕೆಟ್ಟ ಕೋಪ ಬಂತು.

ಮಧ್ಯಾಹ್ನವಾಗಿತ್ತು. ಬೆಳಗಿನಿಂದ ಚಹಾ ಬಿಟ್ಟರೆ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಬಿಚ್ಚಿದ್ದ ಹಾರನ್ ಗುಂಡಿಯನ್ನು ಸ್ಪ್ರಿಂಗಿನ ಮೇಲೆ ಕೂರಿಸಿ, ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟು ಸುಮ್ಮನೆ ಕೂತ. ಬದುವಿನ ಹತ್ತಿರ ಕೂತಿದ್ದೂ ಹೀಗೆಯೇ. ಎದುರಿಗೆ ಅವನ ಮನೆಯ ಗೋಡೆ, ಅದರ ಮೇಲೆ ಮಲ್ಲಿಕಾಂಬ ಒಣಗಲು ಹಾಕಿ ಹೋಗಿದ್ದ, ಹತ್ತು ದಿನದಿಂದ ಯಾರೂ ತೆಗೆಯದ ಒಂದು ಟವೆಲು. ಆ ಟವೆಲನ್ನು ನೋಡುತ್ತ ನೋಡುತ್ತ ಅಂದಿನ ಆ ಬುಟ್ಟಿ ಕಂಡಿತು, ಬಿಲ್ವಪತ್ರೆಯ ಬುಟ್ಟಿ, ಆಮೇಲೆ ಅಂಗಡಿಯ ಮುಂದೆ ಉಕ್ಕಿನ ಸ್ಟೂಲಿನ ಮೇಲೆ ಕೂತು ಹಲ್ಲಿನಲ್ಲಿ ವೈರಿನ ತುದಿ ಕಚ್ಚಿ ಎಳೆಯುತ್ತಿದ್ದ ಅಣ್ಣ ಕಂಡ. ಗುರುಮೂರ್ತಿಯ ತಲೆ ಬಗ್ಗಿತು. ಹಣೆ ಸ್ಟೇರಿಂಗಿನ ನಡುವಿಗೆ ಒರಗಿತು. ಮೀಟರು ಕುಂಯ್ ಎಂದಿತು. ಉದ್ದಕ್ಕೆ, ಬಿಡದೆ.

ಅವನು ತಲೆ ಎತ್ತಿದ, ಅದು ನಿಂತಿತು. ಮತ್ತೆ ಹಣೆ ಇಟ್ಟ, ಕೂಗಿತು. ಪ್ರಯೋಗವನ್ನು ಮೂರು ಸಲ ಮಾಡಿ ಸರಾಸರಿ ತೆಗೆಯಬೇಕೆಂದು ಹುಡುಗರಿಗೆ ಹೇಳಿಕೊಡುವವನು ಮೂರನೆಯ ಸಲವೂ ಇಟ್ಟು ನೋಡಿದ. ಅಂದು ಅವನು ಹಾರನ್ ಹೊಡೆದಿರಲಿಲ್ಲ, ಅದು ತಾನಾಗಿ ಕೂಗಿಯೂ ಇರಲಿಲ್ಲ. ತಲೆಯಿಟ್ಟು ಅತ್ತಿದ್ದ. ಅಳುತ್ತಿದ್ದುದರಿಂದ ತಲೆಯಿಟ್ಟದ್ದು ತಿಳಿದಿರಲಿಲ್ಲ, ಅಷ್ಟೇ. ಬೆಳಗಿನಿಂದ ಹುಡುಕುತ್ತಿದ್ದ ಉತ್ತರ ಸಿಕ್ಕಿತ್ತು. ಅದು ಬೇಡವಾಗಿತ್ತು. ಇದನ್ನು ಯಾರ ಮುಂದೆ ಹೇಳುವುದು? ಆರು ವರ್ಷ ಮಾತಾಡಿಸದವನು, ಗುಣಿಯ ಹತ್ತಿರ ಹೋಗಿ ನಾಲ್ಕು ಜನರ ಎದುರು ಅಳಲಾರದೆ, ಕಾರಿನ ಗಾಜು ಏರಿಸಿಕೊಂಡು ಒಳಗೆ ಕೂತು ಅತ್ತೆ ಎನ್ನುವುದೇ? ಲಕ್ಷ್ಮಣಪ್ಪ ನಗುತ್ತಾನೆ. ಅಣ್ಣನಿದ್ದರೆ ಅವನೂ ನಗುತ್ತಿದ್ದ. ಹಾರನ್ ಹೊಡೆದ ಎಂಬ ಅಪವಾದಕ್ಕಿಂತ ಇದು ಹೆಚ್ಚು ನಾಚಿಕೆಯದು ಎಂದು ಅವನಿಗೆ ಅನಿಸಿತು. ಯಾಕೆ ಹಾಗೆ ಅನಿಸಿತೋ, ಅವನಿಗೆ ತಿಳಿಯದು, ಆದರೆ ಅನಿಸಿದ್ದಂತೂ ಹೌದು.

ಗಡ್ಡದ ಬ್ಲೇಡು ಬಚ್ಚಲುಮನೆಯಲ್ಲಿತ್ತು. ಅದನ್ನು ತರಲು ಎದ್ದಾಗ ಏನು ಮಾಡಲು ಹೊರಟಿದ್ದೇನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಉತ್ತರ ಮೊದಲೇ ನೋಡಿಕೊಂಡು ಅದಕ್ಕೆ ಹೊಂದುವಂತೆ ರೀಡಿಂಗು ಬರೆಯುವ ಹುಡುಗರನ್ನು ಮೂವತ್ತು ವರ್ಷದಿಂದ ಹಿಡಿಯುತ್ತ ಬಂದಿದ್ದಾನೆ. ಹೇಮಶ್ರೀ ಎಂಬ ಹುಡುಗಿಯ ರೆಕಾರ್ಡು ಪುಸ್ತಕವನ್ನು ಎಲ್ಲರ ಮುಂದೆ ಎತ್ತಿ ಹಿಡಿದು, ಇಷ್ಟು ಸರಿಯಾದ ಉತ್ತರ ದೇವರಿಗೂ ಬರುವುದಿಲ್ಲವಮ್ಮ ಎಂದಿದ್ದ. ಅವಳು ಒಂದು ವಾರ ಪ್ರಯೋಗಾಲಯಕ್ಕೆ ಬಂದಿರಲಿಲ್ಲ. ಸ್ಟೇರಿಂಗಿನ ಬುಡದಲ್ಲಿ ಹಾರನ್ನಿನ ವೈರು ಒಂದು ಕಬ್ಬಿಣದ ಅಂಚಿನ ಪಕ್ಕದಲ್ಲೇ ಹಾದುಹೋಗಿತ್ತು. ಸವೆಯಬೇಕೆಂದಿದ್ದರೆ ಅದು ಸವೆಯಬಹುದಾಗಿದ್ದ ಜಾಗ, ಸವೆದಿರಲಿಲ್ಲ ಅಷ್ಟೇ. ಅಲ್ಲಿ ಬ್ಲೇಡಿನಿಂದ ನಾಲ್ಕು ಸಲ ಕೆರೆದ. ಕರಿಯ ಹೊದಿಕೆ ಸಿಪ್ಪೆಯಂತೆ ಎದ್ದು ಒಳಗಿನ ತಾಮ್ರ ಕಂಡಿತು. ಇಷ್ಟು ಸಾಲದು, ಕಾರಿನ ಬುಡಕ್ಕೆ ಬಗ್ಗಿ ನೋಡಲು ಯಾರು ಬರುತ್ತಾರೆ, ಕೈಯಲ್ಲಿ ಹಿಡಿದು ತೋರಿಸುವಂತಿರಬೇಕು ಎನಿಸಿ, ಆ ಕೆರೆದ ಭಾಗ ನಡುವೆ ಬರುವಂತೆ ಗೇಣುದ್ದ ಕತ್ತರಿಸಿ ಜೇಬಿಗೆ ಹಾಕಿಕೊಂಡ. ಆಮೇಲೆ ಎಲ್ಲವನ್ನೂ ಮತ್ತೆ ಜೋಡಿಸಿದ. ಮೂರು ಸ್ಕ್ರೂ ಉಳಿದವು. ಕೈ ತೊಳೆದುಕೊಂಡು ಬೆಳಗಿನ ಹಾಲಿಗೆ ಅನ್ನ ಕಲಸಿ ತಿಂದ. ಗೋಡೆಯ ಮೇಲಿನ ಟವೆಲು ತೆಗೆದು ಮಡಿಸಿಟ್ಟ.

ಮರುದಿನ ಬೆಳಿಗ್ಗೆ ಬೀರೂರಿನ ರೈಲ್ವೆ ಗೇಟು ಹಾಕಿತ್ತು. ಒಂದು ಗೂಡ್ಸು ಮುಗಿಯುವುದೇ ಇಲ್ಲವೇನೋ ಎಂಬಂತೆ ಹೋಯಿತು. ಹಿಂದಿನ ಬೈಕಿನವನು ಹಾರನ್ ಒತ್ತಿದಾಗಲೆಲ್ಲ ಗುರುಮೂರ್ತಿಯ ಕೈ ಜೇಬು ಮುಟ್ಟಿಕೊಳ್ಳುತ್ತಿತ್ತು. ವಾಪಸು ಹೋಗಿಬಿಡಲು ಇದೇ ಕೊನೆಯ ಜಾಗ, ಆರು ವರ್ಷವೂ ಇಲ್ಲಿಂದಲೇ ಹೋಗಿದ್ದು. ಗೇಟು ಎತ್ತಿದರು. ಹಿಂದಿನವರ ಅವಸರಕ್ಕೆ ಮುಂದೆ ಹೋಗಲೇಬೇಕಾಯಿತು. ಅಜ್ಜಂಪುರದಲ್ಲಿ ಅಣ್ಣನ ಮನೆಯ ಮುಂದೆ ಶಾಮಿಯಾನ, ನೀರಿನ ಡ್ರಮ್ಮು, ಕೆಂಪು ಕುರ್ಚಿಗಳು. ಲಕ್ಷ್ಮಣಪ್ಪ ಕುರ್ಚಿಯಿಂದಲೇ ಕೈ ಎತ್ತಿ, "ಬಾಪ್ಪಾ ಮೇಷ್ಟ್ರೇ, ಹಾರನ್ನೇ ಕೇಳಿಸ್ಲಿಲ್ಲ!" ಎಂದ. ಇಬ್ಬರು ನಕ್ಕರು. ವೇಣು ಮಾತ್ರ ನಗದೆ ಬಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋದ. ಅಯ್ಯನವರ ಪಾದಪೂಜೆ ನಡೆಯಿತು. ತೀರ್ಥ, ವಿಭೂತಿ, ಮಂತ್ರ ಎಲ್ಲದರಲ್ಲೂ ಗುರುಮೂರ್ತಿ ಹೇಳಿದ ಕಡೆ ಕೂತ, ಹೇಳಿದ ಕಡೆ ಎದ್ದ. ಗೋಡೆಯಲ್ಲಿ ಹಾರ ಹಾಕಿದ ಅಣ್ಣನ ಫೋಟೋ ಇತ್ತು, ಕಣ್ಣೆತ್ತಿ ನೋಡಲಿಲ್ಲ. ಮಲ್ಲಿಕಾಂಬ ಬಡಿಸುವವರ ನಡುವಿನಿಂದ ಒಮ್ಮೆ ಅವನ ಕಡೆ ನೋಡಿ, ಅಂಗಿಯ ಗುಂಡಿ ತಪ್ಪಿ ಹಾಕಿಕೊಂಡದ್ದನ್ನು ಕಣ್ಣಿನಲ್ಲೇ ತೋರಿಸಿ ಹೋದಳು.

ಅತ್ತಿಗೆ ಹಾಲಮ್ಮ ಒಳಕೋಣೆಯಲ್ಲಿ ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದಳು. ಅವನು ಪಿಯುಸಿ ಓದುವಾಗ ಈ ಮನೆಗೆ ಸೊಸೆಯಾಗಿ ಬಂದವಳು, ಅವನಿಗೆ ಎಷ್ಟೋ ವರ್ಷ ತಟ್ಟೆಯಿಟ್ಟವಳು. ಜೊತೆಗಿದ್ದ ಹೆಂಗಸರು ಎದ್ದು ಜಾಗ ಬಿಟ್ಟರು. ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತು ಅವನು ಜೇಬಿನಿಂದ ವೈರು ತೆಗೆದು ಅವಳ ಮುಂದೆ ಹಿಡಿದ.

"ಅತ್ತಿಗೆ, ನೋಡಿ. ಇದು ಒಳಗೆ ಸವೆದೋಗಿತ್ತು. ಸ್ಟೇರಿಂಗಿಗೆ ತಾಗಿ ತಾನಾಗೇ ಕೂಗಿದೆ. ಅವತ್ತು ನಾನು ಹಾರನ್ ಹೊಡೀಲಿಲ್ಲ."

ಹಾಲಮ್ಮ ವೈರು ತೆಗೆದುಕೊಂಡಳು. ಕಿಟಕಿಯ ಬೆಳಕಿಗೆ ತಿರುಗಿಸಿದಳು. ಕೆರೆದ ಜಾಗದ ಮೇಲೆ ಹೆಬ್ಬೆರಳ ಉಗುರನ್ನು ಮೆಲ್ಲಗೆ ಆಡಿಸಿದಳು. ಅಂಗಡಿಯಲ್ಲಿ ಕೆಲಸ ಹೆಚ್ಚಾದಾಗಲೆಲ್ಲ ವೈರಿನ ಕಟ್ಟುಗಳು ಮನೆಗೆ ಬರುತ್ತಿದ್ದವು, ಇವಳು ರಾತ್ರಿ ಊಟವಾದ ಮೇಲೆ ಕೂತು ತುದಿಗಳನ್ನು ಸುಲಿದು ಕೊಡುತ್ತಿದ್ದಳು ಎಂಬುದು ಗುರುಮೂರ್ತಿಗೆ ಆಗ ನೆನಪಾಯಿತು.

"ಉಜ್ಜಿ ಸವೆದಿದ್ದು ಹಿಂಗೆ ಹೊಳೆಯಲ್ಲ ಗುರು" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಕಪ್ಪಿಟ್ಟಿರ್ತೈತೆ. ಇದು ಬ್ಲೇಡಲ್ಲಿ ಕೆರೆದಿದ್ದು. ನಿನ್ನೆ ಮೊನ್ನೆದು."

ಅವನಿಗೆ ಎದ್ದು ಹೋಗಬೇಕೆಂದರೆ ಇವತ್ತೂ ಕಾಲು ಏಳಲಿಲ್ಲ.

"ಹಾರನ್ ಯಾರು ಹೊಡೆದ್ರು ಅಂತ ಯಾರು ಕೇಳಿದ್ರು ನಿನ್ನ? ಆ ಲಕ್ಷ್ಮಣಪ್ಪನ ಬಾಯಿಗೆ ಬೀಗ ಇಲ್ಲ, ಅವ್ನು ಬಿಡು. ಅವತ್ತು ಉದ್ದಕ್ಕೆ ಹಾರನ್ ಕೇಳ್ತು ನೋಡು, ವೇಣುನೇ ಕೂಗ್ದ, ತಡೀರಿ, ಮಣ್ ಹಾಕಬ್ಯಾಡ್ರಿ, ಮೇಷ್ಟ್ರು ಬಂದ್ರು ಅಂತ. ಅಂಗ್ಡೀಲಿ ಅವ್ರು ಕರೀತಿದ್ದಂಗೇ ಇತ್ತು ಕಣಪ್ಪಾ. ಎಲ್ಲಾ ಕೈಲಿ ಮಣ್ ಹಿಡ್ಕಂಡು ನಿಂತ್ವಿ. ನೀನು ಗಾಡಿ ತಿರುಗಿಸ್ದೆ. ನೆರಳಿಗೆ ಹಾಕಿ ಬತ್ತಾನೆ ಅನ್ಕಂಡ್ವಿ." ಅವಳು ವೈರನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಅರ್ಧ ಗಂಟೆ ನಿಂತ್ವಿ. ಹೊತ್ತು ಮೀರುತ್ತೆ ಅಂದ್ರು ಅಯ್ಯನೋರು. ಇನ್ನೊಂದು ಗಳಿಗೆ ಅಂದೆ ನಾನು. ಬಿಸಿಲಲ್ಲಿ, ಅವ್ರ ಮುಖ ಹಂಗೇ ತೆಗೆದಿಟ್ಕಂಡು, ಇನ್ನೊಂದು ಗಳಿಗೆ, ಇನ್ನೊಂದು ಗಳಿಗೆ ಅಂತ."

ಹೊರಗೆ ಎಲೆ ಹಾಕುವ ಸದ್ದು ಕೇಳುತ್ತಿತ್ತು. ಯಾರೋ ಉಪ್ಪು, ಉಪ್ಪು ಎಂದು ಕೂಗುತ್ತಿದ್ದರು.

"ತಲೆ ಇಟ್ಟಿದ್ದೆ ಅತ್ತಿಗೆ" ಎಂದ ಗುರುಮೂರ್ತಿ. "ಸ್ಟೇರಿಂಗ್ ಮೇಲೆ. ಅಳು ಬಂದಿತ್ತು."

ಹಾಲಮ್ಮ ಅವನನ್ನೇ ನೋಡಿದಳು.

"ಅದನ್ನ ಹೇಳಕ್ಕೆ ವೈರು ಯಾಕೆ ಕುಯ್ದೆ?"

ಅವಳು ವೈರನ್ನು ಮಡಿಸಿ ಅವನ ಅಂಗೈಯಲ್ಲಿಟ್ಟು, ಪಂಕ್ತಿ ಕೂರ್ತೈತೆ, ಹೋಗಿ ಕೂತ್ಕೋ ಎಂದಳು. ಗುರುಮೂರ್ತಿ ಪಂಕ್ತಿಯಲ್ಲಿ ಕೂರಲಿಲ್ಲ. ಚಪ್ಪಲಿ ಹುಡುಕಿ ಮೆಟ್ಟಿಕೊಂಡು, ಎಲ್ಲಿಗೆ ಎಂದು ಕೇಳಿದ ಮಲ್ಲಿಕಾಂಬನಿಗೆ ಈಗ ಬಂದೆ ಎಂದು ಹೇಳಿ, ಕಾರು ತೆಗೆದುಕೊಂಡು ಕಾವಲಿನ ಕಡೆ ಹೊರಟ.

ಹೊಲದ ಬದು ಬಂದಾಗ ಅಂದಿನ ಜಾಗದಲ್ಲೇ, ಬಿಸಿಲಿನಲ್ಲೇ ಕಾರು ನಿಲ್ಲಿಸಿದ. ಸ್ವಲ್ಪ ದೂರದಲ್ಲಿ ಹುಣಸೆಮರದ ನೆರಳಿತ್ತು, ಖಾಲಿಯಾಗಿ. ಅಲ್ಲಿ ಕಾರು ಹಾಕಿ ನಡೆದು ಬರುತ್ತಾನೆಂದೇ ಅವರು ತನಗಾಗಿ ಕಾದಿದ್ದು. ನೂರು ಹೆಜ್ಜೆಯಾಚೆ ಕೆಮ್ಮಣ್ಣಿನ ಗುಡ್ಡೆ, ಅದರ ಮೇಲೆ ಒಣಗಿ ಸುರುಟಿದ ಚೆಂಡು ಹೂವಿನ ಹಾರ. ಕಾವಲಿನ ಹುಲ್ಲಿನ ಮೇಲೆ ಗಾಳಿ ಒಂದೇ ಸಮನೆ ಬೀಸುತ್ತಿತ್ತು. ಗುರುಮೂರ್ತಿ ಬಹಳ ಹೊತ್ತು ಕೂತಿದ್ದ. ಆಮೇಲೆ ಅಂಗೈಯನ್ನು ಸ್ಟೇರಿಂಗಿನ ನಡುವಿಗಿಟ್ಟು, ಬೇಕೆಂದೇ, ಉದ್ದಕ್ಕೆ ಒತ್ತಿದ. ಸದ್ದು ಬರಲಿಲ್ಲ. ಇನ್ನೂ ಬಲವಾಗಿ ಒತ್ತಿದ. ವೈರು ಜೇಬಿನಲ್ಲಿತ್ತು.

ಬಾಗಿಲು ತೆಗೆದು ಇಳಿದ. ನೂರು ಹೆಜ್ಜೆ ಎಂದುಕೊಂಡಿದ್ದದ್ದು ಅರವತ್ತೂ ಇರಲಿಲ್ಲ. ಗುಡ್ಡೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಜೋತುಬಿದ್ದ ಕರಡಿಗೆಯನ್ನು ಅಭ್ಯಾಸಬಲದಿಂದ ಬೆನ್ನಿಗೆ ಹಾಕಿಕೊಳ್ಳಲು ಹೋದವನು ಕೈ ತಡೆದು ಎದೆಯ ಮೇಲೇ ಬಿಟ್ಟ. ಹಿಡಿ ಮಣ್ಣು ಹಾಕಬೇಕೆಂದು ಕೈ ಚಾಚಿದ. ಹತ್ತು ದಿನದ ಬಿಸಿಲಿಗೆ ಮಣ್ಣು ಗಟ್ಟಿಯಾಗಿ ಹೋಗಿತ್ತು. ಹಿಡಿಗೆ ಬರಬೇಕಾದರೆ ಉಗುರಿನಿಂದ ಕೆರೆಯಬೇಕಾಯಿತು.